ಅಣ್ಣನ ಕೆಮರದ ಮುಳ್ಳು

ಕಳುದ ಸರ್ತಿ ಹಲಸಿನಕಾಯಿ ಹಪ್ಪಳದ ಬಗ್ಗೆ ಬರದಿತ್ತಿದ್ದೆ. ಈ ಸರ್ತಿ ಅಡಿಗೆ ಕೋಣೆಂದ ರಜಾ ಹೆರ ಬತ್ತೆ. ಇದು ಒಂದು ಹಳೆ ಕೆಮರದ ಶುದ್ದಿ. "ಕೆಮರದ ಶುದ್ದಿ ಹೆಮ್ಮಕ್ಕೊಗೆ ಎಂತಕೆ?" ಹೇಳಿ ಅರ್ಧಲ್ಲೇ ಬಿಟ್ಟಿಕ್ಕಿ ಹೋಗೆಡಿ. ಇದರ್ಲಿ ಎನ್ನ ಒಂದು ತಪ್ಪೂ ಸೇರಿದ್ದು. ಅದರ ಎಲ್ಲೋರ ಎದುರು ಹೇಳದ್ರೆ ಎನಗೆ ಸಮಾಧಾನ ಇಲ್ಲೆ.

ಎನ್ನ ದೊಡ್ಡಣ್ಣ 1979ರಲ್ಲಿ ಬೊಂಬಾಯಿಲಿ ಕೆಲಸಲ್ಲಿಪ್ಪಗ ಒಂದು ಜಪಾನಿನ ಕೆಮರ ತೆಕ್ಕೊಂಡ. ಸೆಕೆಂಡ್ ಹ್ಯಾಂಡು. ಊರಿಂಗೆ ಬಪ್ಪಗ ಅದರ ಟ್ರಂಕಿಲಿ ಮಡಗದ್ದೆ, ಬಟ್ಟೆಲಿ ಸುತ್ತಿ ಮಡಿಲಿಲೇ ಮಡಿಕ್ಕೊಂಡು ಬಂದಿತ್ತಿದ್ದ. ಎನಗೆ ಅಂಬಗ ಹತ್ತು ವರ್ಷ. ಆ ಕೆಮರಕ್ಕೆ ಕಣ್ಣು ಕೊಟ್ಟು ನೋಡಿರೆ ಒಳ ಒಂದು ಕರೆಲಿ ಸಣ್ಣ ಮುಳ್ಳು ಕಾಣ್ತು. ಜಾಲಿನ ಬೆಶಿಲಿಂಗೆ ತಿರುಗಿಸಿರೆ ಮುಳ್ಳು ಮೇಲೆ ಹೋವ್ತು, ಮನೆ ಒಳಾಣ ಕಸ್ತಲೆಗೆ ತಿರುಗಿಸಿರೆ ಕೆಳ ಬತ್ತು. "ಇದೆಂತರ ಅಣ್ಣಾ?" ಕೇಳಿದ್ದಕ್ಕೆ, "ಇದು ಬೆಣಚ್ಚಿನ ತಕ್ಕಡಿ. ಎಷ್ಟು ಬೆಣಚ್ಚು ಇದ್ದು ಹೇಳಿ ತೂಗಿ ಹೇಳ್ತು. ಮುಳ್ಳು ನೆಡೂಕೆ ಬಪ್ಪ ಹಾಂಗೆ ಈ ಬಳೆ ತಿರುಗಿಸೆಕ್ಕು, ಮತ್ತೆ ಗುಬ್ಬಿ ಒತ್ತೆಕ್ಕು" ಹೇಳಿದ. ಅದುವೇ ಲೈಟ್ ಮೀಟರು. ಎನ್ನ ಮದುವೆ, ತಮ್ಮನ ಉಪನಯನ, ಮಕ್ಕಳ ಬಾರ್ಸ, ಎಲ್ಲದರ ಫಟವೂ ಆ ಕೆಮರಲ್ಲೇ ತೆಗದ್ದು. ಒಂದೂ ಹಾಳಾಯಿದಿಲ್ಲೆ.

2001ರಲ್ಲಿ ಅಪ್ಪಂಗೆ 70 ತುಂಬಿತ್ತು. ಮನೆಲಿ ಭೀಮರಥ ಶಾಂತಿ. ಜೆಂಬ್ರದ ಮುನ್ನಾಣ ದಿನ ಅಣ್ಣ ಪೇಟೆಂದ ಮೂರು ರೀಲು ಫಿಲ್ಮು, ಒಂದು ಹೊಸ ಬೆಟ್ರಿ ತಂದ. "ಹಳೆ ನಮುನೆದು ಸಿಕ್ಕಿದ್ದಿಲ್ಲೆ, ಅದೇ ಗಾತ್ರದ್ದು ಬೇರೆ ಕೊಟ್ಟವು. ಹೊಸ ಬೆಟ್ರಿ ಅಲ್ಲದೊ, ಈ ಸರ್ತಿ ಫಟ ಇನ್ನೂ ಲಾಯ್ಕ ಬಕ್ಕು" ಹೇಳಿದ್ದದು ಎನಗೆ ಈಗಳೂ ನೆಂಪಿದ್ದು.

ಫಟ ತೊಳದು ಬಂತು. ಎಲ್ಲವೂ ಕಪ್ಪು. ಹೋಮದ ಹತ್ತರೆ ಕೂದ ಬಟ್ಟಮಾವನ ಗಡ್ಡ ಯಾವುದು, ಹೊಗೆ ಯಾವುದು ಗೊಂತಾವ್ತಿಲ್ಲೆ. ಅಬ್ಬೆಯ ಹಸುರು ಪಟ್ಟೆಸೀರೆ ಕಪ್ಪು ಕಂಬಳಿಯ ಹಾಂಗೆ ಕಂಡತ್ತು. ಚಪ್ಪರದಡಿಲಿ ಅಪ್ಪ-ಅಬ್ಬೆ ಒಟ್ಟಿಂಗೆ ನಿಂದ ಫಟಲ್ಲಿ ಹಿಂದಾಣ ಜಾಲು ಮಾಂತ್ರ ಕಾಣ್ತು, ಎರಡು ಮೋರೆಗೊಕ್ಕೂ ಮಸಿ ಉದ್ದಿದ ಹಾಂಗೆ. ಎಲ್ಲೋರೂ ಜೆಗಲಿಲಿ ಕೂದು ನೋಡ್ತಾ ಇಪ್ಪಗ ಆನು ಹೇಳಿದೆ, "ಅಣ್ಣಂಗೆ ಈಗ ಕಣ್ಣು ಸರಿ ಕಾಣ್ತಿಲ್ಲೆ. ಸ್ಟುಡಿಯೋದವರನ್ನೇ ದಿನಿಗೇಳೆಕ್ಕಾತು." ಎಲ್ಲೋರೂ ನೆಗೆ ಮಾಡಿದವು. ಅಣ್ಣಂಗೆ ಅಂಬಗ 46 ವರ್ಷ. ಅವ ಎಂತೂ ಹೇಳಿದ್ದಯಿಲ್ಲೆ. ಕೆಮರವ ಚರ್ಮದ ಕವರಿಂಗೆ ಹಾಕಿ ಒಳ ಮಡಗಿದ. ಮತ್ತೆ ಅವನ ಕೈಲಿ ಅದರ ಆನು ಕಂಡಿದಿಲ್ಲೆ. ಬಪ್ಪ ವರ್ಷ ಅಬ್ಬೆ ತೀರಿಹೋತು. ಅಬ್ಬೆಯ ಅಕೇರಿಯಾಣ ಫಟಂಗೊ ಹೇಳಿ ಎಂಗೊಗೆ ಒಳುದ್ದು ಆ ಕಪ್ಪು ಫಟಂಗೊ ಮಾಂತ್ರ.

ಅಣ್ಣ ಹೋಗಿ ಈಗ ಮೂರು ವರ್ಷ ಆತು. ಕಳುದ ದೀಪಾವಳಿಗೆ ಹೋಗಿಪ್ಪಗ ಅತ್ತಿಗೆ ಕಪಾಟಿಂದ ಕೆಮರ ತೆಗದು ಎನ್ನ ಕೈಗೆ ಕೊಟ್ಟವು. "ನಿನ್ನ ಹತ್ತರೆ ಇರಳಿ. ಮೀಟರು ಹಾಳಾಯಿದಡ. ಮಗ ಒಂದು ಅಂಗಡಿಲಿ ತೋರ್ಸಿದ್ದಕ್ಕೆ, ರಿಪೇರಿ ಆಗ, ಶೋಕೇಸಿಲಿ ಮಡುಗಿ ಹೇಳಿದವಡ" ಹೇಳಿದವು.

ಹಾಳಾದ್ದು ಹೇಳಿರೆ ಎಂತರ ಹಾಳಾದ್ದು? ಮಿಕ್ಸಿ ಹಾಳಾದರೆ ನಾವು ಮದಾಲು ಪ್ಲಗ್ಗು ನೋಡ್ತು, ಮತ್ತೆ ಸ್ವಿಚ್ಚು, ಮತ್ತೆ ಬುಷ್ಷು. ಹಾಂಗೇ ಇದರನ್ನೂ ನೋಡುವೊ ಹೇಳಿ ಕೂದೆ. ಮಗ ಮೊಬೈಲಿಲಿ ಹುಡ್ಕಿ ಕೊಟ್ಟದರ ಓದಿದೆ, ಲೈಬ್ರೆರಿಂದ ಪುಸ್ತಕ ತರ್ಸಿದೆ. ಓದ್ತಾ ಹೋದ ಹಾಂಗೆ ಈ ಸಣ್ಣ ಮುಳ್ಳಿನ ಹಿಂದೆ ಎಷ್ಟು ದೊಡ್ಡ ಚರಿತ್ರೆ ಇದ್ದು ಹೇಳಿ ಗೊಂತಾತು.

ಕೆಮರ ಬಂದು ಹತ್ತರತ್ತರೆ ನೂರು ವರ್ಷ ಫಟ ತೆಗವವಕ್ಕೆ ಅಂದಾಜೇ ಗತಿ ಆಗಿತ್ತು. ನಾವು ಎಣ್ಣೆ ಕಾದತ್ತೋ ಹೇಳಿ ಒಂದು ಚೂರು ಹಿಟ್ಟು ಹಾಕಿ ನೋಡ್ತಲ್ಲದೊ, ಹಾಂಗೆ. ಇಂಗ್ಲೆಂಡಿಲಿ ಆಲ್ಫ್ರೆಡ್ ವಾಟ್ಕಿನ್ಸ್ ಹೇಳುವವ 1890ರಲ್ಲಿ ಒಂದು ಉಪಾಯ ಮಾಡಿದ. ಬೆಣಚ್ಚು ತಾಗಿರೆ ಕಪ್ಪಪ್ಪ ಕಾಗದವ ಒಂದು ಸಣ್ಣ ಉಪಕರಣಲ್ಲಿ ಹಾಕಿ, ಅದು ಪಕ್ಕಲ್ಲಿಪ್ಪ ಬಣ್ಣದಷ್ಟು ಕಪ್ಪಪ್ಪಲೆ ಎಷ್ಟು ಸೆಕೆಂಡು ಬೇಕಾತು ಹೇಳಿ ಲೆಕ್ಕ ಮಾಡುದು. ಬೆಶಿಲು ಜೋರಿದ್ದರೆ ಬೇಗ ಕಪ್ಪಾವ್ತು, ಮೋಡ ಇದ್ದರೆ ತಡವು. ಆ ಲೆಕ್ಕಲ್ಲಿ ಫಟಕ್ಕೆ ಎಷ್ಟು ಹೊತ್ತು ಬೆಣಚ್ಚು ಬಿಡೆಕ್ಕು ಹೇಳಿ ತೀರ್ಮಾನ ಮಾಡುದು. ಒಳ್ಳೆ ಉಪಾಯವೇ, ಆದರೆ ಮದುವೆ ಹಸೆಲಿ ಕೂದ ಕೂಸಿನ ಎದುರು ಸೆಕೆಂಡು ಎಣುಸಿಗೊಂಡು ನಿಂಬಲೆ ಎಡಿಗೊ?

ಮುಳ್ಳಿನ ಮೀಟರಿನ ಕತೆ ಸುರು ಅಪ್ಪದು ಫಟಂದ ಅಲ್ಲ, ಸಮುದ್ರದಡಿಯಾಣ ತಂತಿಂದ. 1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಹೇಳುವ ವಿಜ್ಞಾನಿಗೆ ಗಂಧಕದ ಆಸಿಡ್ ಮಾಡುವ ಕಾರ್ಖಾನೆಯ ಕೆಸರಿಲಿ ಒಂದು ಹೊಸ ಮೂಲವಸ್ತು ಸಿಕ್ಕಿತ್ತು. ಅದಕ್ಕೆ ಸೆಲೆನಿಯಮ್ ಹೇಳಿ ಹೆಸರು ಮಡಗಿದ. ಗ್ರೀಕ್ ಭಾಷೆಲಿ ಸೆಲೆನೆ ಹೇಳಿರೆ ಚಂದ್ರ. ಅದರ ಗುಣದ ಹತ್ತರಾಣ ಇನ್ನೊಂದು ವಸ್ತು ಟೆಲ್ಲೂರಿಯಮ್ಮಿಂಗೆ ಭೂಮಿಯ ಹೆಸರು ಇದ್ದ ಕಾರಣ ಇದಕ್ಕೆ ಚಂದ್ರನ ಹೆಸರು. 56 ವರ್ಷ ಕಳುದ ಮತ್ತೆ, 1873ರಲ್ಲಿ, ಇಂಗ್ಲೆಂಡಿನ ವಿಲೋಬಿ ಸ್ಮಿತ್ ಹೇಳುವ ಇಂಜಿನಿಯರ್ ಸಮುದ್ರಲ್ಲಿ ಹಾಕುವ ಟೆಲಿಗ್ರಾಫ್ ತಂತಿಯ ಪರೀಕ್ಷೆಗೆ ಸೆಲೆನಿಯಮ್ಮಿನ ಸಣ್ಣ ಕಡ್ಡಿಗಳ ಉಪಯೋಗಿಸಿದ. ಅದರ್ಲಿ ಕರೆಂಟು ಬಹಳ ಕಮ್ಮಿ ಹೋವ್ತು, ಪರೀಕ್ಷೆಗೆ ಹಾಂಗಿಪ್ಪದೇ ಬೇಕಾಗಿತ್ತು. ಆದರೆ ಅಳತೆ ಒಂದು ಸರ್ತಿಯಾಣ ಹಾಂಗೆ ಇನ್ನೊಂದು ಸರ್ತಿ ಬತ್ತಿಲ್ಲೆ. ಎಂತಕೆ ಹೇಳಿ ಹುಡ್ಕಿಯಪ್ಪಗ ಗೊಂತಾತು: ಕಡ್ಡಿಗಳ ಮಡಗಿದ ಪೆಟ್ಟಿಗೆಯ ಮುಚ್ಚಲು ಹಾಕಿಪ್ಪಗ ಕರೆಂಟು ಕಮ್ಮಿ, ಮುಚ್ಚಲು ತೆಗದು ಬೆಣಚ್ಚು ಬಿದ್ದಪ್ಪಗ ಜಾಸ್ತಿ. ಉಪಕರಣ ಹಾಳಾಯಿದು ಹೇಳಿ ಅವು ಇಡ್ಕಿದ್ದರೆ? ಇಡ್ಕದ್ದೆ ಕಾರಣ ಹುಡ್ಕಿದವು. ಈ ಮಾತು ಎನ್ನ ಮನಸ್ಸಿಂಗೆ ಕುತ್ತಿತ್ತು.

ಮೂರು ವರ್ಷ ಕಳುದು, 1876ರಲ್ಲಿ, ಆಡಮ್ಸ್, ಡೇ ಹೇಳುವ ಇಬ್ರು, ಬೆಟ್ರಿ ಇಲ್ಲದ್ದೆಯೇ ಸೆಲೆನಿಯಮ್ಮಿಂಗೆ ಬೆಣಚ್ಚು ಬಿದ್ದರೆ ಅದುವೇ ರಜಾ ಕರೆಂಟು ಹುಟ್ಟಿಸುತ್ತು ಹೇಳಿ ತೋರ್ಸಿದವು. 1883ರಲ್ಲಿ ಅಮೇರಿಕಲ್ಲಿ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಮ್ಮಿನ ಮೇಲೆ ಬೆಣಚ್ಚು ದಾಂಟುವಷ್ಟು ತೆಳುವಿನ ಚಿನ್ನದ ಪದರ ಕೊಟ್ಟು ಬೆಣಚ್ಚಿನ ಕರೆಂಟಿನ ಹಲಗೆ ಮಾಡಿದ. ಈಗ ನಮ್ಮ ಮಾಡಿನ ಮೇಲಿಪ್ಪ ಸೋಲಾರಿನ ಹಳೆ ಅಜ್ಜ ಹೇಳಿ ಗ್ರೇಶಿ.

ಅದರ ಫಟಕ್ಕೆ ತಂದದು ಅಮೇರಿಕದ ವೆಸ್ಟನ್ ಕಂಪೆನಿ. 1932ರಲ್ಲಿ ಅವು ಕೈಲಿ ಹಿಡಿವ ಲೈಟ್ ಮೀಟರು ಮಾರ್ಲೆ ಸುರು ಮಾಡಿದವು. ಸೆಲೆನಿಯಮ್ಮಿನ ಬಿಲ್ಲೆ, ಅದಕ್ಕೊಂದು ಮುಳ್ಳು. ಬೆಟ್ರಿಯೇ ಬೇಡ. 1935ರಲ್ಲಿ ಜರ್ಮನಿಯ ಜೈಸ್ ಇಕೋನ್ ಕಂಪೆನಿ ಕಾಂಟಾಫ್ಲೆಕ್ಸ್ ಹೇಳುವ ಕೆಮರದ ಒಳವೇ ಮೀಟರು ಕೂರ್ಸಿತ್ತು. 1938ರಲ್ಲಿ ಕೊಡಾಕ್ ಕಂಪೆನಿಯ ಸೂಪರ್ ಸಿಕ್ಸ್-20 ಬಂತು. ಅದರ್ಲಿ ಮುಳ್ಳು ನೋಡಿ ಬಳೆ ತಿರುಗಿಸುವ ಕೆಲಸವೂ ಇಲ್ಲೆ, ಕೆಮರವೇ ಬೆಣಚ್ಚು ನೋಡಿ ಕಿಂಡಿ ದೊಡ್ಡ-ಸಣ್ಣ ಮಾಡ್ತು. ಅದರ ಕ್ರಯ 225 ಡಾಲರು. ಆ ಕಾಲಕ್ಕೆ ಅದು ಬಡವರ ಮನೆಗೆ ಎತ್ತುವ ವಸ್ತು ಅಲ್ಲ. ಮತ್ತೆ 1967ರಲ್ಲಿ ಒಲಿಂಪಸ್ ಟ್ರಿಪ್ 35 ಬಂದಪ್ಪಗ ಸಾಮಾನ್ಯ ಜೆನಕ್ಕೂ ಅದು ಸಿಕ್ಕಿತ್ತು. ಕಣ್ಣಾಡಿಯ ಸುತ್ತ ಜೇನು ಎರಿಯ ಹಾಂಗೆ ಗುಳ್ಳೆ ಗುಳ್ಳೆ ಗಾಜು ಇದ್ದರೆ, ಅದರ ಹಿಂದೆ ಸೆಲೆನಿಯಮ್ ಇದ್ದು ಹೇಳಿ ಲೆಕ್ಕ. ಬೆಣಚ್ಚು ಸಾಲದ್ರೆ ಒಳ ಒಂದು ಕೆಂಪು ಬಾವುಟ ಎದ್ದು ನಿಂಗು, ಗುಬ್ಬಿ ಒತ್ತಲೇ ಬಿಡ.

ಸೆಲೆನಿಯಮ್ಮಿಂಗೆ ಎರಡು ಕೊರತ್ತೆ. ಬಿಲ್ಲೆ ದೊಡ್ಡ ಬೇಕು, ಕಸ್ತಲೆಲಿ ಅದಕ್ಕೆ ಶೆಗ್ತಿ ಸಾಲ. ಚಳಿ ಪಸೆ ಒಳ ಹೋದರೆ ವರ್ಷ ಹೋದ ಹಾಂಗೆ ಬಲ ಕುಂದುತ್ತು. ನಿಂಗಳ ಮನೆಲಿ ಈ ಜಾತಿಯ ಕೆಮರ ಇದ್ದರೆ ಬೆಟ್ರಿ ಹುಡ್ಕಿ ಪ್ರಯೋಜನ ಇಲ್ಲೆ, ಅದಕ್ಕೆ ಬೆಟ್ರಿಯೇ ಇಲ್ಲೆ. ಜಾಲಿಂಗೆ ತೆಕ್ಕೊಂಡು ಹೋಗಿ ಬೆಶಿಲಿಂಗೆ ತೋರ್ಸಿ. ಮುಳ್ಳು ರಜವೂ ಆಡ್ಸದ್ರೆ ಬಿಲ್ಲೆ ಸತ್ತಿದು, ಅಥವಾ ತಂತಿ ತುಂಡಾಯಿದು.

1960ರ ದಶಕಲ್ಲಿ ಇನ್ನೊಂದು ವಸ್ತು ಬಂತು, ಕೇಡ್ಮಿಯಮ್ ಸಲ್ಫೈಡ್. ಅದರ ಒಂದು ತೊಗರಿಬೇಳೆಯಷ್ಟು ಸಣ್ಣ ಮಾಡಿರೂ ಕೆಲಸ ಮಾಡ್ತು, ಮಬ್ಬು ಬೆಣಚ್ಚೂ ಗೊಂತಾವ್ತು. ಹಾಂಗಾಗಿ ಕೆಮರದ ಹೊಟ್ಟೆ ಒಳ, ಕಣ್ಣಾಡಿ ದಾಂಟಿ ಬಂದ ಬೆಣಚ್ಚನ್ನೇ ಅಳವ ಹಾಂಗೆ ಕೂರ್ಸಲೆ ಎಡಿಗಾತು. 1963ರಲ್ಲಿ ಟಾಪ್ಕಾನ್ ಆರ್.ಇ. ಸೂಪರ್, 1964ರಲ್ಲಿ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್. ಎರಡೂ ಜಪಾನಿಂದು. ಅಣ್ಣನ ಕೆಮರವೂ ಇದೇ ಸಂತತಿದು.

ಆದರೆ ಇಲ್ಲಿ ಒಂದು ವ್ಯತ್ಯಾಸ ಇದ್ದು, ಅದು ಅರ್ಥ ಆದರೆ ಎಲ್ಲವೂ ಅರ್ಥ ಆವ್ತು. ಸೆಲೆನಿಯಮ್ ಬಿಲ್ಲೆ ಒರತ್ತೆ ಇದ್ದ ಹಾಂಗೆ, ಅದುವೇ ನೀರು ಕೊಡ್ತು. ಕೇಡ್ಮಿಯಮ್ ಸಲ್ಫೈಡ್ ನಳ್ಳಿ ಇದ್ದ ಹಾಂಗೆ. ಬೆಣಚ್ಚು ಜಾಸ್ತಿ ಆದರೆ ನಳ್ಳಿ ಜಾಸ್ತಿ ತೆಗೆತ್ತು, ಕಮ್ಮಿ ಆದರೆ ಮುಚ್ಚುತ್ತು. ಆದರೆ ನೀರು ಟೇಂಕಿಂದಲೇ ಬರೆಕ್ಕು. ಆ ಟೇಂಕಿಯೇ ಬೆಟ್ರಿ. ಟೇಂಕಿಯ ಎತ್ತರ ಜಾಸ್ತಿ ಆದರೆ, ನಳ್ಳಿ ಮದಲಾಣಷ್ಟೇ ತೆಗದರೂ ನೀರು ಜೋರು ಬತ್ತು. ಕೊಡ ಬೇಗ ತುಂಬಿದ್ದು ಕಂಡು "ನಳ್ಳಿ ಪೂರ್ತಿ ತೆಗದ್ದು" ಹೇಳಿ ನಾವು ಗ್ರೇಶುಗು. ಮೀಟರಿನ ಮುಳ್ಳೂ ಹಾಂಗೇ ಮೋಸ ಹೋವ್ತು. ಹಾಂಗಾಗಿ ಟೇಂಕಿಯ ಎತ್ತರ ಯಾವಾಗಳೂ ಒಂದೇ ಇರೆಕ್ಕು.

ಹಾಂಗಿಪ್ಪ ಒಂದು ಬೆಟ್ರಿ ಆ ಕಾಲಲ್ಲಿ ಇತ್ತಿದ್ದು, ಪಾದರಸದ್ದು. ಎರಡನೇ ಮಹಾಯುದ್ಧದ ಸಮಯಲ್ಲಿ ಅಮೇರಿಕದ ಸ್ಯಾಮ್ಯುಯೆಲ್ ರೂಬೆನ್ ಹೇಳುವವ ಅದರ ಮಾಡಿದ್ದು. ಸೆಖೆ, ಚಳಿ ಪಸೆ ಇಪ್ಪ ಊರುಗಳಲ್ಲಿ ಸೈನ್ಯದ ಸಾಮಾನ್ಯ ಬೆಟ್ರಿಗೊ ಬೇಗ ಹಾಳಪ್ಪಲೆ ಸುರು ಆದ ಕಾರಣ ಗಟ್ಟಿ ಬೆಟ್ರಿ ಬೇಕಾತು. ಮ್ಯಾಲರಿ ಕಂಪೆನಿ ಅದರ ತಯಾರು ಮಾಡಿತ್ತು. ಆ ಬೆಟ್ರಿಯ ಗುಣ ಎಂತರ ಹೇಳಿರೆ, ಸುರುವಿಂದ ಸಾವಲ್ಲಿವರೆಗೂ 1.35 ವೋಲ್ಟು ಕೊಡ್ತು. ದೋಸೆಹಿಟ್ಟಿನ ಹಾಂಗೆ ದಿನ ಹೋದ ಹಾಂಗೆ ಬದಲಾವ್ತ ಜಾತಿ ಅಲ್ಲ. ಇದರ ನಂಬಿಯೇ ಕೆಮರದವು ಮೀಟರು ಮಾಡಿದವು. ವೋಲ್ಟು ಹೆಚ್ಚು-ಕಮ್ಮಿ ಆದರೆ ತಡವ ಏರ್ಪಾಡು ಬೇಡ ಹೇಳಿ ಸುಮಾರು ಕೆಮರಂಗಳಲ್ಲಿ ಬಿಟ್ಟೇ ಬಿಟ್ಟವು. ಸ್ಪಾಟ್‌ಮ್ಯಾಟಿಕ್‌ನ ಹಾಂಗೆ ಕೆಲವರ್ಲಿ ಮಾಂತ್ರ, ವೋಲ್ಟು ಬದಲಾದರೂ ಮೋಸ ಹೋಗದ್ದ ಹಾಂಗಿಪ್ಪ ಜೋಡಣೆ ಇದ್ದು.

ಪಾದರಸ ಹೇಳಿಯಪ್ಪಗ ಕತೆ ಜಪಾನಿನ ಮಿನಮಾಟ ಹೇಳುವ ಊರಿಂಗೆ ಹೋಯೆಕ್ಕು. ಸಮುದ್ರದ ಕರೆಯ ಊರು, ಮೀನು ಹಿಡಿವವು ಜಾಸ್ತಿ. ಅಲ್ಲಿ ಚಿಸ್ಸೊ ಹೇಳುವ ರಾಸಾಯನಿಕ ಕಾರ್ಖಾನೆ ಪಾದರಸ ಸೇರಿದ ನೀರಿನ ಸಮುದ್ರಕ್ಕೆ ಬಿಟ್ಟುಗೊಂಡಿತ್ತು. ಅದು ಮೀನಿಂಗೆ ಸೇರಿತ್ತು, ಮೀನಿಂದ ಜೆನಕ್ಕೆ. ಮದಲು ಪುಚ್ಚೆಗೊ ಹುಚ್ಚು ಹಿಡುದ ಹಾಂಗೆ ಕೊಣುದು ಸತ್ತವು. ಮತ್ತೆ ಜೆನಂಗೊಕ್ಕೆ ಕೈಕಾಲು ನಡುಗುಲೆ, ಮಾತು ತೊದಲುಲೆ, ಕಣ್ಣು ಕೆಮಿ ಹೋಪಲೆ ಸುರು ಆತು. 1956ರ ಮೇ ತಿಂಗಳಿಲಿ ಕಾಯಿಲೆ ಬೆಣಚ್ಚಿಂಗೆ ಬಂತು. ಎಂತ ತೊಂದರೆಯೂ ಇಲ್ಲದ್ದ ಅಬ್ಬೆಕ್ಕಳ ಹೊಟ್ಟೆಲಿ ಇದ್ದ ಮಕ್ಕೊಗೂ ಅದು ತಟ್ಟಿತ್ತು. ಕಾರ್ಖಾನೆಯ ಪಾದರಸವೇ ಕಾರಣ ಹೇಳಿ ಸರಕಾರ ಒಪ್ಪಿಗೊಂಬಲೆ 1968 ಆಯೆಕ್ಕಾತು. ಅಮೇರಿಕದ ಯೂಜೀನ್ ಸ್ಮಿತ್ ಹೇಳುವ ಫಟದವು, ಅವರ ಹೆಂಡತಿ ಐಲೀನ್ ಒಟ್ಟಿಂಗೆ 1971ರಲ್ಲಿ ಅಲ್ಲಿಗೆ ಹೋಗಿ ಮೂರು ವರ್ಷ ಬಿಡಾರ ಮಾಡಿ ಫಟ ತೆಗದವು. 1972ರಲ್ಲಿ ಕಾರ್ಖಾನೆಯ ಕಡೆಯವು ಅವಕ್ಕೆ ಬಡುದು ಪೆಟ್ಟು ಮಾಡಿದವು. 1975ರಲ್ಲಿ ಅವರ ಪುಸ್ತಕ ಬಂದಪ್ಪಗ ಲೋಕಕ್ಕೆಲ್ಲ ಪಾದರಸ ಹೇಳಿರೆ ಎಂತರ ಹೇಳಿ ಗೊಂತಾತು.

ಮಿನಮಾಟದ ಪಾದರಸ ಬೆಟ್ರಿಂದ ಬಂದದಲ್ಲ. ಆದರೆ ಆ ಊರಿನ ಸಂಕಟಂದ ಕಲ್ತದು ಎಲ್ಲ ಪಾದರಸಕ್ಕೂ ಸೇರ್ತು. ಕಸವಿಂಗೆ ಇಡ್ಕಿದ ಗುಬ್ಬಿಬೆಟ್ರಿಯೂ ಒಂದು ದಿನ ಒಡದು ಮಣ್ಣಿಂಗೆ, ನೀರಿಂಗೆ ಸೇರುಗು. 1996ರಲ್ಲಿ ಅಮೇರಿಕ ಪಾದರಸದ ಗುಬ್ಬಿಬೆಟ್ರಿ ಮಾರ್ಲಾಗ ಹೇಳಿ ಕಾನೂನು ಮಾಡಿತ್ತು. ಯುರೋಪಿಲಿಯೂ ನಿಷೇಧ ಬಂತು. ಮಾಡುವ ಕಂಪೆನಿಗೊ ಒಂದೊಂದೇ ನಿಲ್ಸಿದವು. ನಮ್ಮ ಹತ್ತರೆಯೇ, ಕೊಡೈಕೆನಾಲಿಲಿ ಪಾದರಸದ ಥರ್ಮಾಮೀಟರು ಮಾಡುವ ಕಾರ್ಖಾನೆ ಅದರ ಕಸದ ಗಲಾಟೆಂದಾಗಿ 2001ರಲ್ಲಿ ಮುಚ್ಚಿತ್ತು. 2013ರಲ್ಲಿ ಲೋಕದ ದೇಶಂಗೊ ಸೇರಿ ಪಾದರಸ ಕಮ್ಮಿ ಮಾಡ್ಲೆ ಮಾಡಿದ ಒಪ್ಪಂದಕ್ಕೆ ಮಿನಮಾಟದ ಹೆಸರನ್ನೇ ಮಡಗಿದವು. ಭಾರತ 2018ರಲ್ಲಿ ಅದಕ್ಕೆ ಸೇರಿತ್ತು. ಇದು ಒಳ್ಳೆ ಕೆಲಸ, ಅದರ್ಲಿ ಎರಡು ಮಾತಿಲ್ಲೆ. ಆದರೆ 1.35ರ ಲೆಕ್ಕಲ್ಲಿ ಮಾಡಿದ ಎಷ್ಟೋ ಕೆಮರಂಗೊ ಮನೆ ಮನೆಲಿ ಒಳುದವು. ಅವಕ್ಕೆ ಈ ಕಾನೂನಿನ ಶುದ್ದಿ ಆರು ಹೇಳುದು?

ಇಷ್ಟು ಓದಿದ ಮತ್ತೆ ಆನು ಅಣ್ಣನ ಕೆಮರವ ಮೇಜಿನ ಮೇಲೆ ಹಳೆ ಒಸ್ತ್ರ ಹಾಸಿ ಮಡಗಿದೆ. ಅಡಿಲಿ ಪೈಸೆಯಷ್ಟು ಅಗಲದ ಬೆಟ್ರಿ ಮುಚ್ಚಲು. ಒಂದು ರೂಪಾಯಿ ಪಾವಲಿಯ ಅದರ ಗೀರಿಂಗೆ ಮಡಗಿ ತಿರುಗಿಸಿರೆ ಕದಲುತ್ತಿಲ್ಲೆ. ರಜಾ ರಜವೇ ಮಾಡಿ ತೆಗದಪ್ಪಗ ಒಳ ಪೂರ ಬೆಳಿ ಹೊಡಿ, ಹಸುರು ಕಿಲುಬು. ಬೆಟ್ರಿ ಒಳವೇ ಇತ್ತು. ಕೈಗೆ ಚೀಲ ಹಾಕಿ ಅದರ ಹೆರ ತೆಗದು, ಉದ್ದಿ, ಕನ್ನಡ್ಕ ಹಾಕಿ ಓದಿದೆ. ಅದರ ಬೆನ್ನಿಲಿ ಬರದ್ದದು 1.5 ವೋಲ್ಟು.

ಎನ್ನ ಕೈ ಅಲ್ಲೇ ನಿಂದತ್ತು. ಜೆಂಬ್ರದ ಮುನ್ನಾಣ ದಿನ ಅಣ್ಣ ತಂದ ಹೊಸ ಬೆಟ್ರಿ ಅದುವೇ. ಮತ್ತೆ ಅವ ಕೆಮರ ಮುಟ್ಟಿದ್ದೇ ಇಲ್ಲೆನ್ನೆ. ಟೇಂಕಿ ರಜಾ ಎತ್ತರ ಆಗಿತ್ತು. ಮುಳ್ಳು ಇಪ್ಪದರಿಂದ ಜಾಸ್ತಿ ಬೆಣಚ್ಚು ಇದ್ದು ಹೇಳಿತ್ತು. ಮುಳ್ಳಿನ ನಂಬಿ ಅವ ಕಿಂಡಿ ಸಣ್ಣ ಮಾಡಿದ. ಕೆಲವು ಕೆಮರಲ್ಲಿ ಈ ಸಣ್ಣ ವ್ಯತ್ಯಾಸವೇ ಬೇಕಾದ್ದರ ಅರ್ಧಕ್ಕರ್ಧ ಬೆಣಚ್ಚು ಕಮ್ಮಿ ಮಾಡ್ಲೆ ಸಾಕು.

ಇನ್ನೊಂದು ವಿಷಯವೂ ಹೇಳೆಕ್ಕು. ಎಲ್ಲ ಕಪ್ಪು ಫಟಕ್ಕೂ ಮೀಟರು ಹಾಳಾದ್ದೇ ಕಾರಣ ಅಲ್ಲ. ಮೀಟರು ಎದುರು ಕಂಡದರ ಎಲ್ಲ ಒಟ್ಟು ಸೇರ್ಸಿ, ನೆಡುಗಾಣ ಬೂದಿ ಬಣ್ಣ ಹೇಳಿ ಲೆಕ್ಕ ಹಾಕುತ್ತು. ಹಿಂದೆ ಬೆಶಿಲಿನ ಜಾಲು ಇದ್ದರೆ ಅದಕ್ಕೇ ತೂಕ ಜಾಸ್ತಿ, ಎದುರಾಣ ಮೋರೆ ಕಪ್ಪಾವ್ತು. ಸರಿ ಇದ್ದ ಮೀಟರೂ ಹಾಂಗೇ ಮಾಡುಗು. ಅಣ್ಣ ಮದಲೆಲ್ಲ ಮೋರೆಯ ಹತ್ತರೆ ಬಂದು ಮುಳ್ಳು ನೋಡಿಕ್ಕಿ, ಹಿಂದೆ ಹೋಗಿ ಫಟ ತೆಗಕ್ಕೊಂಡಿತ್ತಿದ್ದ. ಅಪ್ಪ-ಅಬ್ಬೆ ಚಪ್ಪರಲ್ಲಿ ನಿಂದ ಫಟಕ್ಕೆ ಗಡಿಬಿಡಿಲಿ ಅದು ತಪ್ಪಿತ್ತೋ ಏನೋ. ಆದರೆ ಹಿಂದೆ ಬೆಶಿಲೇ ಇಲ್ಲದ್ದ ಹೋಮದ ಫಟ, ಬಳುಸುವ ಫಟ, ಮೂರೂ ರೀಲು ಕಪ್ಪಾದ್ದಕ್ಕೆ ಬೆಟ್ರಿಯೇ ಕಾರಣ ಅಲ್ಲದ್ದೆ ಬೇರೆ ಎಂತರ?

ಇನ್ನು ರಿಪೇರಿ. ಬೆಟ್ರಿ ಸೋರಿದ ಬೆಳಿ ಹೊಡಿ ಸುಣ್ಣದ ಹಾಂಗೆ ಖಾರ ಗುಣದ್ದು, ಹಾಂಗಾಗಿ ಹುಳಿ ಬೇಕು. ಕೆಮಿ ಉದ್ದುವ ಹತ್ತಿ ಕಡ್ಡಿಯ ವಿನೆಗರಿಲಿ ಅದ್ದಿ, ಹಿಂಡಿ, ಮೆಲ್ಲಂಗೆ ತಿಕ್ಕಿದೆ. ಸಣ್ಣಕೆ ನೊರೆ ಬಂತು. ನೀರು ಎರವಲಾಗ, ಒಳ ಹೋಕು. ಮತ್ತೆ ಒದ್ದೆ ಮಾಡಿ ಹಿಂಡಿದ ಬೇರೆ ಹತ್ತಿಲಿ ಉದ್ದಿ, ಒಂದು ದಿನ ಒಣಗಲೆ ಬಿಟ್ಟೆ. ಮಕ್ಕಳ ಉದ್ದುವ ರಬ್ಬರಿಲಿ ಒಳಾಣ ಲೋಹವ ಹೊಳವಷ್ಟು ತಿಕ್ಕಿದೆ. ಹೊಸ ಬೆಟ್ರಿ ಹಾಕಿರೂ ಮುಳ್ಳು ಆಡ್ಸಿದ್ದಿಲ್ಲೆ.

ಬೆಟ್ರಿ ಗೂಡಿಂದ ಹೋಪ ತಂತಿಗೂ ಕಿಲುಬು ಹತ್ತುತ್ತು ಹೇಳಿ ಓದಿತ್ತಿದ್ದೆ. ಪೇಟೆಲಿ ರೇಡಿಯ ರಿಪೇರಿ ಮಾಡುವವರ ಹತ್ತರೆ ಕೊಂಡೋದೆ. ಅವು ಅಡಿಯಾಣ ತಗಡಿನ ಮೂರು ಸ್ಕ್ರೂ ತೆಗದು ತೋರ್ಸಿದವು. ತಂತಿಯ ಬೆಸುಗೆ ಹಸುರಾಗಿ ಬಿಟ್ಟುಹೋಗಿತ್ತು. ಹೊಸ ತಂತಿ ಹಾಕಿ ಬೆಸುಗೆ ಮಾಡಿದವು. ನೂರೈವತ್ತು ರೂಪಾಯಿ. ಮುಳ್ಳಿನ ಕಟ್ಟು ಮಾಂತ್ರ ನಾವು ಬಿಚ್ಚಲೇ ಆಗ. ಕೂದಲಿನಷ್ಟು ಸಪುರದ ಸುರುಳಿ ಅದು, ಊದಿರೂ ಹಾಳಾವ್ತು.

ಇನ್ನು 1.35 ವೋಲ್ಟಿನ ಬೆಟ್ರಿ ಎಲ್ಲಿಂದ? ಉತ್ತರ ಮನೆಲೇ ಇತ್ತು, ಎನ್ನ ಅತ್ತೆಯ ಕೆಮಿಯ ಹಿಂದೆ! ಕೆಮಿ ಕೇಳದ್ದವು ಹಾಕುವ ಯಂತ್ರದ 675 ನಂಬ್ರದ ಬೆಟ್ರಿ ಸತುವು-ಗಾಳಿಯ ನಮುನೆದು, ಸುಮಾರು 1.4 ವೋಲ್ಟು. ಪಾದರಸದ್ದಕ್ಕೆ ಬಹಳ ಹತ್ತರೆ, ವೋಲ್ಟು ಸ್ಥಿರ. ಗಾತ್ರ ರಜಾ ಸಣ್ಣ. ಹಳೆ ಚಪ್ಪಲಿಯ ರಬ್ಬರಿಲಿ ಬಳೆಯ ಹಾಂಗೆ ಕತ್ತರ್ಸಿ ಅದರ ಒಳ ಬೆಟ್ರಿ ಕೂರ್ಸಿದೆ. ಅಂಟಿಸಿದ ಕಾಗದ ಎಳದು, ಒಂದು ನಿಮಿಷ ಗಾಳಿ ತಾಗುಲೆ ಬಿಟ್ಟು ಹಾಕೆಕ್ಕು. ಎರಡು ತಿಂಗಳಿಂದ ಜಾಸ್ತಿ ಬಾರ, ಆದರೆ ಕ್ರಯ ಕಮ್ಮಿ. ಅತ್ತೆ ನೋಡಿಕ್ಕಿ, "ಎನ್ನ ಬೆಟ್ರಿ ಹಾಕಿರೆ ಆ ಕೆಮರಕ್ಕೂ ಕೆಮಿ ಕೇಳುಗೋ?" ಕೇಳಿದವು.

ಜಾಲಿಂಗೆ ಹೋಗಿ ಕಣ್ಣು ಕೊಟ್ಟು ನೋಡಿದೆ. ಮುಳ್ಳು ಎದ್ದತ್ತು. ಹತ್ತು ವರ್ಷದ ಕೂಸಾಗಿಪ್ಪಗ ಕಂಡ ಹಾಂಗೇ. ಸರಿ ಇದ್ದೋ ನೋಡ್ಲೆ ಒಂದು ಹಳೆ ಲೆಕ್ಕ ಇದ್ದು: ಚೊಕ್ಕ ಬೆಶಿಲಿಲಿ, 100ರ ಫಿಲ್ಮಿಂಗೆ, ವೇಗ 125ರಲ್ಲಿ ಮಡಗಿರೆ ಕಿಂಡಿ 16ರ ಹತ್ತರೆ ಬರೆಕ್ಕು. ಬಂತು. ಮತ್ತೆ ಜೆಗಲಿಲಿ, ದೇವರ ಕೋಣೆಲಿ, ಮಗನ ಮೊಬೈಲಿನ ಮೀಟರಿನೊಟ್ಟಿಂಗೆ ತಾಳೆ ಹಾಕಿದೆ. ರಜಾ ಹೆಚ್ಚು ಕಮ್ಮಿ, ಅಷ್ಟೆ. ಬೆಶಿಲಿಂದ ಕೂಡ್ಲೆ ಒಳ ಬಂದರೆ ಮುಳ್ಳು ಸರಿ ಅಪ್ಪಲೆ ರಜಾ ಹೊತ್ತು ಬೇಕು, ನಮ್ಮ ಕಣ್ಣಿನ ಹಾಂಗೇ. ಅದು ಆ ವಸ್ತುವಿನ ಗುಣ.

ನಿಂಗಳ ಮನೆಲಿ ಹೀಂಗಿಪ್ಪ ಕೆಮರ ಇದ್ದರೆ ಎರಡು ಮಾತು. ಬೆಟ್ರಿ ಒಳ ಬಿಟ್ಟು ಮಡಗೆಡಿ. ಹಳೆ ಪಾದರಸದ ಬೆಟ್ರಿ ಸಿಕ್ಕಿರೆ ಒಲೆಗೆ, ತೋಟಕ್ಕೆ, ಬಾವಿಕಟ್ಟೆಯ ಹೊಡೆಂಗೆ ಇಡ್ಕೆಡಿ, ಕುಪ್ಪಿಲಿ ಹಾಕಿ ಇ-ಕಸ ತೆಕ್ಕೊಂಬಲ್ಲಿಗೆ ಕೊಡಿ. ಗುಬ್ಬಿಬೆಟ್ರಿ ಯಾವುದೇ ಆಗಲಿ, ಪುಳ್ಳಿಯಕ್ಕಳ ಕೈಗೆ ಸಿಕ್ಕುಲಾಗ. ನುಂಗಿರೆ ಕಾಯದ್ದೆ ಆಸ್ಪತ್ರೆಗೆ ಓಡೆಕ್ಕು.

ಆ ಮೂರು ರೀಲಿನ ನೆಗೆಟಿವ್ ಅತ್ತಿಗೆ ತೆಗದು ಮಡಗಿತ್ತಿದ್ದವು. ಅಳಿಯ ಅದರ ಸ್ಕ್ಯಾನ್ ಮಾಡ್ಸಿ, ಕಂಪ್ಯೂಟರಿಲಿ ರಜಾ ಬೆಣಚ್ಚು ಏರ್ಸಿದ. ಇಲ್ಲದ್ದದರ ತಪ್ಪಲೆ ಎಡಿಯ, ಫಟ ಪೂರ ಮಣಲು ಚೆಲ್ಲಿದ ಹಾಂಗೆ ಕಾಣ್ತು. ಆದರೂ ಅಬ್ಬೆಯ ಮೂಗುಬೊಟ್ಟು ಗೊಂತಾವ್ತು. ಕೆಮರ ಹಿಡುದ ಅಣ್ಣನ ನೋಡಿ ನೆಗೆ ಮಾಡ್ತಾ ಇಪ್ಪದು ಗೊಂತಾವ್ತು.

ಅತ್ತಿಗೆಗೆ ಫೋನು ಮಾಡಿ ಬೆಟ್ರಿಯ ಕತೆ ಎಲ್ಲ ಹೇಳಿದೆ, ಅಂದು ಆನು ಆಡಿದ ಮಾತನ್ನೂ ಹೇಳಿದೆ. ಅವು ರಜಾ ಹೊತ್ತು ಮಾತಾಡಿದ್ದವಿಲ್ಲೆ. ಮತ್ತೆ ಹೇಳಿದವು, "ಆ ಜೆಂಬ್ರ ಕಳುದ ಮತ್ತೆ ಅವು ಮಂಗ್ಳೂರಿಂಗೆ ಎರಡು ಸರ್ತಿ ಕಣ್ಣಿನ ಡಾಕ್ಟ್ರ ಹತ್ತರೆ ಹೋಗಿತ್ತಿದ್ದವು. ಕಣ್ಣಿಲಿ ಎಂತ ತೊಂದರೆಯೂ ಇಲ್ಲೆ ಹೇಳಿದವಡ. ಅಂಬಗ ಫಟ ಎಂತಕೆ ಕಪ್ಪಾತು ಹೇಳಿ ಅವಕ್ಕೆ ಗೊಂತೇ ಆಯಿದಿಲ್ಲೆ."

ಅಣ್ಣಂಗೆ ಗೊಂತಾಗದ್ದೆ ಹೋದ್ದರ ಎಲ್ಲೋರಿಂಗೂ ಗೊಂತಾಗಲಿ ಹೇಳಿ ಇದರ ಬರದೆ. ಅಂದು ಜೆಗಲಿಲಿ ಕೂದು ನೆಗೆ ಮಾಡಿದವು ಆರಾರು ಇದರ ಓದಿರೆ, ತಪ್ಪು ಅವನದ್ದಲ್ಲ ಹೇಳಿ ತಿಳ್ಕೊಳ್ಳಿ.